ಮಾಂಡ್ವಿಯ ಮಿಸ್ತ್ರಿ

ಕಚ್‌ಗೆ ಹೋದ ನಮ್ಮ ಮುಂಬೈ ಕನ್ನಡಿಗರೆಲ್ಲ ಬಿಳಿ ರಣ್‌ನಲ್ಲಿ ಫೋಟೋ ತೆಗೆಸಿಕೊಂಡು ವಾಪಸು ಬರುತ್ತಾರೆ. ಮಾಂಡ್ವಿಗೂ ಹೋಗಿ ಮಾರಾಯ್ರೆ! ರುಕ್ಮಾವತಿ ನದಿಯ ದಡದಲ್ಲಿ, ಬಟ್ಟಬಯಲಲ್ಲೇ, ದೊಡ್ಡ ದೊಡ್ಡ ಮರದ ಹಡಗು ಕಟ್ಟುತ್ತಾರೆ. ಸುಮಾರು 400 ವರ್ಷದ ಕಸುಬು. ಒಂದು ಹಡಗು ಮುಗಿಯಲು ವರ್ಷ 2 ಆದರೂ ಬೇಕು.

ನಾನು ಬ್ಯಾಂಕಿನವನು. ಪ್ಲಾನು, ಎಸ್ಟಿಮೇಟು ಇಲ್ಲದೆ ಒಂದು ಗೋಡೌನಿಗೂ ಸಾಲ ಕೊಟ್ಟವನಲ್ಲ. ನಕ್ಷೆ ಎಲ್ಲಿ ಅಂತ ಮಿಸ್ತ್ರಿಯವರನ್ನು ಕೇಳಿದೆ. ನಕ್ಕು ಹಣೆ ಮುಟ್ಟಿ ತೋರಿಸಿದರು. ಹಡಗಿನ ಪಕ್ಕೆಲುಬಿಗೆ ಜಾಲಿ ಮರ, ಅದೂ ಸೊಟ್ಟಗೆ ಬೆಳೆದದ್ದೇ ಆಗಬೇಕು. ಬಗ್ಗಿಸುವ ಕೆಲಸ ಮರವೇ ಮಾಡಿಟ್ಟಿರುತ್ತದೆ ನೋಡಿ. ಹಲಗೆಗೆ ಮಲೇಶಿಯಾದ ಸಾಲ್ ಮರ. ಹಲಗೆಗಳ ಸಂದಿಗೆ ಹತ್ತಿ ತುರುಕಿ ಉಳಿಯಿಟ್ಟು ಬಡಿಯುತ್ತಾರೆ. ನೀರಿಗಿಳಿದ ಮೇಲೆ ಮರ ಉಬ್ಬಿ ಸಂದಿ ಬಿಗಿಯಾಗುತ್ತದೆ. ಕೇಳಿದರೆ ಸುಲಭ... ಎಷ್ಟು ಬಡಿಯಬೇಕು ಎನ್ನುವುದು ಕೈಗೆ ಮಾತ್ರ ಗೊತ್ತು.

"ಮಗನಿಗೆ ಕಲಿಸಿದ್ದೀರಾ?" ಅಂದೆ.

ಮಗ ಮುಂದ್ರಾ ಬಂದರಿನಲ್ಲಿ ಕಂಟೇನರ್ ಲೆಕ್ಕ ಬರೆಯುತ್ತಾನಂತೆ. "ತಿಂಗಳ ಒಂದನೇ ತಾರೀಕಿಗೆ ಸಂಬಳ ಬರುತ್ತದೆ ಸಾಹೇಬ್" ಅಂದರು.

ಬಿಕಾಂ ಮುಗಿಸಿ, ಅದೇ ಒಂದನೇ ತಾರೀಕನ್ನು ನಂಬಿ ಗಂಗೊಳ್ಳಿ ಬಿಟ್ಟು ಬಂದ ನಾನು ಏನು ಹೇಳಲಿ? ಸುಮ್ಮನೆ ಹಲಗೆಯ ಮೇಲೆ ಕೈಯಾಡಿಸುತ್ತ ನಿಂತೆ.