ಕೂತರೆ ಕಂದು, ಎದ್ದರೆ ಬಿಳಿ

ಮೈಸೂರಿನ ಕುಕ್ಕರಹಳ್ಳಿ ಕೆರೆ, ಬೆಳಗಿನ ಹೊತ್ತು. ದಡದ ಕೆಸರಲ್ಲಿ ಕಂದು ಗೀರಿನ ಹಕ್ಕಿಯೊಂದು ಕತ್ತು ಒಳಗೆಳೆದುಕೊಂಡು ಕೂತಿದೆ. ಎಲ್ಲೋ ನಾಯಿ ಬೊಗಳಿತು. ಎದ್ದು ಹಾರಿದ್ದು ಬಿಳಿ ಹಕ್ಕಿ! ರೆಕ್ಕೆ, ಬಾಲ ಎಲ್ಲಾ ಅಚ್ಚ ಬಿಳಿ. ಹತ್ತು ಮಾರು ಆಚೆ ಇಳಿದು ರೆಕ್ಕೆ ಮಡಚಿತು, ಮತ್ತೆ ಕೆಸರಿನ ಬಣ್ಣ. ಕೊಳದ ಬಕವಂತೆ. ಬಣ್ಣ ನೋಡಿ ಗುರುತು ಹಿಡಿಯಿರಿ ಅನ್ನುವವರು ಯಾವ ಬಣ್ಣ ಅಂತಲೂ ಹೇಳಬೇಕು.

ಬೆಳ್ಳಕ್ಕಿಗಳ ತಗಾದೆಯೇ ಬೇರೆ. ಸಣ್ಣದು, ನಡುವಿನದು, ದೊಡ್ಡದು ಅನ್ನುತ್ತದೆ ಪುಸ್ತಕ. ಒಂಟಿಯಾಗಿ ನಿಂತದ್ದು ಯಾವುದಕ್ಕಿಂತ ಸಣ್ಣದು? ಸಾಲಿಂ ಅಲಿಯವರು 1941ರ ತಮ್ಮ ಪುಸ್ತಕದಲ್ಲಿ ಗುಬ್ಬಿ, ಮೈನಾ, ಕಾಗೆಗಳನ್ನೇ ಅಳತೆಗೋಲು ಮಾಡಿಕೊಂಡದ್ದು ಎಷ್ಟು ಜಾಣತನ ಅಂತ ಈಗ ತಿಳಿಯುತ್ತಿದೆ. ಆದರೆ ಬೇಕಾದಾಗ ಪಕ್ಕದಲ್ಲಿ ಕಾಗೆ ಇರುವುದಿಲ್ಲ.

"ಕಾಲು ನೋಡಿ" ಅಂದರು ದುರ್ಬೀನು ಹಿಡಿದಿದ್ದ ಹಿರಿಯರೊಬ್ಬರು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಸರಿ ಸ್ವಾಮಿ, ಪಾದ ನೀರಿನೊಳಗಿದೆಯಲ್ಲ! ಕಾದೆ. ಅದು ಒಂದು ಕಾಲು ಮುಂದಿಟ್ಟು ಕೆಸರನ್ನು ಗಡಗಡ ಅಲ್ಲಾಡಿಸಿತು, ಬೆದರಿ ಹೊರಬಿದ್ದ ಮೀನನ್ನು ಗಬಕ್ಕನೆ ಹಿಡಿಯಿತು. ಆಮೇಲೆ ಕಾಲೆತ್ತಿದಾಗ ಕಂಡಿತು, ಅರಿಶಿನ ಮೆತ್ತಿದ ಹಾಗಿರುವ ಪಾದ. ಪಾದಕ್ಕಿಂತ ಆ ಕೆಸರು ಕಲಕುವ ಚಾಳಿಯೇ ಒಳ್ಳೆಯ ಗುರುತು ಅನ್ನಿಸಿತು. ದೊಡ್ಡ ಬೆಳ್ಳಕ್ಕಿಗೆ ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದಂತೆ. ಅಷ್ಟು ಸಣ್ಣ ಗೆರೆ ಕಾಣಬೇಕಾದರೆ ಅದು ಮುಖ ಈ ಕಡೆ ತಿರುಗಿಸುವ ಕೃಪೆ ಮಾಡಬೇಕು.

ದನಗಳ ಹಿಂದೆ ಓಡಾಡುವ ಗೋವಕ್ಕಿ ಸುಲಭ, ಕೊಕ್ಕು ಹಳದಿ. ಮರಿ ಮಾಡುವ ಕಾಲಕ್ಕೆ ಅದರ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬಣ್ಣ ಬರುತ್ತದೆ. ಆಗ ಅದೂ ಸುಲಭವಲ್ಲ.

ಕೋಗಿಲೆ: ಗಂಡು ಕಪ್ಪು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕೆ. ಎರಡಕ್ಕೂ ಕೆಂಪು ಕಣ್ಣು. ಇಷ್ಟು ಸಾಕು.

ಏರಿಯ ಮರದಲ್ಲಿ ಬೂದು ಬೆನ್ನಿನ, ಪಟ್ಟೆ ಬಾಲದ ಹಕ್ಕಿ. ಶಿಕ್ರಾ ಎಂಬ ಗಿಡುಗ ಇರಬಹುದು. ಅಥವಾ ಶಿಕ್ರಾದ ವೇಷದ ಕೋಗಿಲೆ ಜಾತಿಯದೊಂದಿದೆ, ಅದೂ ಆಗಿರಬಹುದು. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುವ ಈ ಹಕ್ಕಿ ನಾಲ್ಕು ಸಲ ರೆಕ್ಕೆ ಬಡಿದು ತೇಲುವುದೂ ಥೇಟ್ ಶಿಕ್ರಾದ ಹಾಗೇ. ಸಣ್ಣ ಹಕ್ಕಿಗಳೇ ಬೆಚ್ಚುತ್ತವೆ ಅಂದಮೇಲೆ ನಾನ್ಯಾವ ಲೆಕ್ಕ! ಶಿಕ್ರಾದ ಕೊಕ್ಕು ಕೊಕ್ಕೆಯಂತೆ ಬಾಗಿರುತ್ತದೆ, ಇದರದು ಹಾಗಿಲ್ಲ, ಅದೇ ವ್ಯತ್ಯಾಸ. ಮರದಲ್ಲಿರುವುದು ಈಗ ಕಾಲು ಗಂಟೆಯಿಂದ ನನಗೆ ಬೆನ್ನು ಕೊಟ್ಟು ಕೂತಿದೆ.