ತಿದ್ದುವ ಗುಂಡಿ ಕಳೆದುಹೋದದ್ದು

ಮೊಟ್ಟಮೊದಲ ವೆಬ್ ಬ್ರೌಸರ್‌ನಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ಬರೆಯಲೂ ಬಹುದಿತ್ತು. 1990ರ ಕೊನೆಯಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ರೂಪಿಸಿದಾಗ, ಪುಟ ತೆರೆದು, ಅಲ್ಲೇ ತಿದ್ದಿ, ಇನ್ನೊಂದು ಪುಟಕ್ಕೆ ಕೊಂಡಿ ಹಾಕಬಹುದಿತ್ತು. ಒಬ್ಬರೇ ಕೂತು ಇಷ್ಟು ಬೇಗ ಮಾಡಿ ಮುಗಿಸಲು ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರ್ ನೆರವಾಯಿತು. ಕಿಟಕಿ, ಮೆನು, ಪಠ್ಯ ತಿದ್ದುವ ಭಾಗ ಎಲ್ಲವೂ ಅದರಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಅಡುಗೆಗೆ ಇಳಿದವರಿಗೆ ತರಕಾರಿ ಹೆಚ್ಚಿಟ್ಟು ಕೊಟ್ಟ ಹಾಗೆ.

ತೊಡಕೂ ಅಲ್ಲೇ ಇತ್ತು. ಆ ಬ್ರೌಸರ್ ನೆಕ್ಸ್ಟ್‌ನಲ್ಲಿ ಮಾತ್ರ ಓಡುತ್ತಿತ್ತು, ನೆಕ್ಸ್ಟ್ ಇದ್ದವರು ತೀರ ಕಡಿಮೆ. ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಇದ್ದದ್ದು ಸನ್, ಎಚ್‌ಪಿ, ಐಬಿಎಂ ಮುಂತಾದ ಕಂಪನಿಗಳ ವರ್ಕ್‌ಸ್ಟೇಷನ್‌ಗಳು. ಅವೆಲ್ಲಕ್ಕೂ ಸಾಮಾನ್ಯವಾದದ್ದು ಎಕ್ಸ್ ವಿಂಡೋ ಸಿಸ್ಟಮ್. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ಅನ್ನು ಯಾವ ಕಂಪನಿಯಾದರೂ ಪಡೆದು ತನ್ನ ಯಂತ್ರಕ್ಕೆ ಒಗ್ಗಿಸಿಕೊಳ್ಳಬಹುದಿತ್ತು. ಅದಕ್ಕೇ ಅದು ಎಲ್ಲೆಡೆ ಹಬ್ಬಿತು. ಆದರೆ ಅದು ಕೊಡುತ್ತಿದ್ದದ್ದು ಪರದೆಯ ಮೇಲೆ ಒಂದಿಷ್ಟು ಜಾಗ, ಗೆರೆ, ಅಕ್ಷರ, ಮೌಸ್ ಎಲ್ಲಿ ಒತ್ತಿದರೆಂಬ ಸುದ್ದಿ, ಅಷ್ಟೇ. ಗುಂಡಿ ಹೇಗಿರಬೇಕು, ಪಠ್ಯವನ್ನು ಹೇಗೆ ತಿದ್ದಬೇಕು ಎಂಬುದನ್ನು ಬೇರೆಯವರಿಗೆ ಬಿಟ್ಟಿತ್ತು.

ಸರ್ನ್‌ನಲ್ಲಿದ್ದ ವಿದ್ಯಾರ್ಥಿನಿ ನಿಕೋಲಾ ಪೆಲ್ಲೋ ಕಿಟಕಿಯ ಹಂಗೇ ಇಲ್ಲದ, ಬರೀ ಅಕ್ಷರ ತೋರಿಸುವ ಬ್ರೌಸರ್ ಬರೆದರು. ಅದು ಎಂಥ ಯಂತ್ರದಲ್ಲೂ ಓಡುತ್ತಿತ್ತು, ಆದರೆ ಓದಲಷ್ಟೇ. 1992ರಲ್ಲಿ ಎಕ್ಸ್‌ಗಾಗಿ ವಯೋಲಾ, ಎರ್ವೈಸ್ ಬಂದವು. ತಿದ್ದುವ ಸೌಲಭ್ಯವನ್ನೂ ಸೇರಿಸಿ ಎಂದು ಬರ್ನರ್ಸ್-ಲೀ ಕೇಳುತ್ತಲೇ ಇದ್ದರು. ಸಿದ್ಧ ಸಾಮಗ್ರಿ ಇಲ್ಲದ ಕಡೆ ಅದು ದೊಡ್ಡ ಕೆಲಸ, ಹೆಚ್ಚಿನವರು ಕೈಹಾಕಲಿಲ್ಲ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ತಂದರು. ಮೊದಲು ಎಕ್ಸ್‌ಗೆ, ಅದೇ ವರ್ಷ ವಿಂಡೋಸ್ ಮತ್ತು ಮ್ಯಾಕ್‌ಗೆ. ಪುಟದೊಳಗೇ ಚಿತ್ರ ಕಂಡಿತು, ಜನ ಮುಗಿಬಿದ್ದರು. ತಿದ್ದುವ ಗುಂಡಿ ಅದರಲ್ಲೂ ಇರಲಿಲ್ಲ.

ಹೀಗೆ ಲಕ್ಷಾಂತರ ಜನ ವೆಬ್ ಎಂದರೆ ಓದುವ ವಸ್ತು ಎಂದೇ ಕಲಿತರು. ಎಕ್ಸ್ ಇಲ್ಲದಿದ್ದರೆ ವೆಬ್ ಅಷ್ಟು ಬೇಗ ಅವರನ್ನು ತಲುಪುತ್ತಿರಲಿಲ್ಲ, ನಿಜ. ಆದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವಾಗ, ಅನುವಾದದಲ್ಲಿ ಆಗುವಂತೆ, ಹೊಸ ಕಡೆ ಸುಲಭವಾಗಿ ಹೇಳಲು ಬಾರದ್ದು ಸದ್ದಿಲ್ಲದೆ ಬಿಟ್ಟುಹೋಗಿತ್ತು.

1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮಾಡಿದ ವಿಕಿ, ತಿದ್ದುವ ಅವಕಾಶವನ್ನು ಬ್ರೌಸರ್‌ನ ಬದಲು ಪುಟದೊಳಗೇ ಇಟ್ಟಿತು. ಇಂದು ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಕನ್ನಡ ವಿಕಿಪೀಡಿಯದಲ್ಲಿ ತಮ್ಮೂರಿನ ಹೆಸರಿನ ಕಾಗುಣಿತ ಸರಿಪಡಿಸುವವರು ಹೊಸದೇನನ್ನೂ ಮಾಡುತ್ತಿಲ್ಲ. ವೆಬ್ ಹುಟ್ಟಿದ್ದೇ ಆ ಕೆಲಸಕ್ಕೆ.