ಎತ್ತಂಗಡಿ ಪುರಾಣ

ಸರ್ಕಾರಿ ನೌಕರನನ್ನು ಹೆದರಿಸಲು ಹುಲಿ ಬೇಕಿಲ್ಲ, 'ಎತ್ತಂಗಡಿ ಮಾಡಿಸ್ತೀನಿ' ಎಂದರೆ ಸಾಕು. ಆದರೆ ಹಾಕಿದ್ದು ಊಟಿಗೆ ಎಂದಾದರೆ ಹೆದರಬೇಕೋ ಹಿಗ್ಗಬೇಕೋ? ಇಂಗ್ಲಿಷರಂತೂ ಹಿಗ್ಗಿದರು. 1870ರ ಸುಮಾರಿಗೆ ಶುರುವಾಗಿ, ಬೇಸಿಗೆ ಬಂತೆಂದರೆ ಮದರಾಸು ಸರ್ಕಾರವೇ ಗಂಟುಮೂಟೆ ಕಟ್ಟಿ ಉದಕಮಂಡಲ ಹತ್ತುತ್ತಿತ್ತು. ರೈಲು ಊಟಿ ಮುಟ್ಟಿದ್ದು 1908ರಲ್ಲಿ. ಅಲ್ಲಿಯವರೆಗೆ ಕಡತಗಳೂ ಗುಮಾಸ್ತರೂ ಕೊನೆಯ ಏರನ್ನು ಗಾಡಿಯಲ್ಲೇ ಏರಬೇಕಿತ್ತು. ದೊರೆಗೆ ಸೆಕೆಯಾದರೆ ಗುಮಾಸ್ತನಿಗೆ ಕಂಬಳಿ!

ನನ್ನ ದೊಡ್ಡಪ್ಪ ಕರಿಕೋಟು ಕಳಚಿಟ್ಟು ಬೆಂಗಳೂರಿನ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಸೇರಿದವರು. ನಿವೃತ್ತರಾದ ಮೇಲೆ ಬಂಡೀಪುರದ ದಾರಿಯಲ್ಲಿ ಊಟಿಗೆ ಕರೆದೊಯ್ದರೆ, ನಾವೆಲ್ಲ ಆನೆ ಹುಡುಕುವಾಗ ಅವರು ಊರಿನ ಬೋರ್ಡು ಓದುತ್ತಿದ್ದರು. "ನೋಡೋ, ಆದೇಶದಲ್ಲಿ ನೀಲಗಿರಿ ಜಿಲ್ಲೆ ಅಂತ ಬರೆದರೆ ಮುಗೀತು. ಮಸಿನಗುಡಿಯಲ್ಲಿ ಬಿಸಿಲು, 36 ತಿರುವು ಹತ್ತಿದರೆ ಊಟಿಯ ಚಳಿ, ಆ ಕಡೆ ಇಳಿದರೆ ಗೂಡಲೂರಿನ ಬಿಡದ ಮಳೆ. ಯಾರನ್ನ ಎಲ್ಲಿಗೆ ಹಾಕ್ತೀಯ?"

ಕಾನೂನು ಓದಿದವರು ಆಡಳಿತಕ್ಕೆ ಬಂದದ್ದು ಹೊಸದಲ್ಲ. 1874ರಲ್ಲಿ ಬಿ.ಎಲ್. ಮುಗಿಸಿದ ಕೆ. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾದರು. ಅವರ ಕಾಲದಲ್ಲೇ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. 'ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ' ಎಂಬ ಮಾತಿಗಿಂತ ಉತ್ತರಪತ್ರಿಕೆಗೆ ಬೆಲೆ ಬಂತು. ಮದರಾಸಿನವರು 1929ರಲ್ಲಿ ಕಾಯ್ದೆ ಮಾಡಿ ತಮ್ಮದೇ ಸೇವಾ ಆಯೋಗ ಕಟ್ಟಿಕೊಂಡರು. ಮುಂದೆ 1956ರಲ್ಲಿ ಮುಂಬೈ, ಹೈದರಾಬಾದು, ಮದರಾಸು, ಕೊಡಗು, ಮೈಸೂರಿನ ನೌಕರರು ಒಂದೇ ಪಂಕ್ತಿಯಲ್ಲಿ ಕೂತಾಗ ಯಾರ ಎಲೆ ಮೊದಲು ಎಂಬ ಜ್ಯೇಷ್ಠತೆಯ ಜಗಳ ಹತ್ತಿತು. ಅದಕ್ಕೂ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಸೆಕ್ಷನ್ ಇತ್ತು. ಕೆಲಸದಿಂದ ತೆಗೆಯಬೇಕೆಂದರೆ ಸಂವಿಧಾನದ 311ನೇ ವಿಧಿ ಅಡ್ಡ ನಿಲ್ಲುತ್ತದೆ: ಆರೋಪ ತಿಳಿಸಬೇಕು, ವಿಚಾರಣೆ ನಡೆಸಬೇಕು.

ನೇಮಕಕ್ಕೆ ಕಾನೂನು, ಬಡ್ತಿಗೆ ಕಾನೂನು, ವಜಾಕ್ಕೂ ಕಾನೂನು. ಎತ್ತಂಗಡಿಗೆ? ಅದು ನೌಕರಿಯ ಒಂದು ಅಂಗವೇ ಎನ್ನುತ್ತವೆ ನ್ಯಾಯಾಲಯಗಳು. ದುರುದ್ದೇಶವೋ ನಿಯಮಭಂಗವೋ ಕಂಡರಷ್ಟೇ ಕೈಹಾಕುತ್ತವೆ. ಉಳಿದದ್ದೆಲ್ಲ ಕಡತ ಬರೆಯುವವರ ವಿವೇಕಕ್ಕೆ ಬಿಟ್ಟದ್ದು. ದೊಡ್ಡಪ್ಪ ವಕೀಲಿಕೆಯಲ್ಲಿ ಕಲಿತ ಅಭ್ಯಾಸವೊಂದನ್ನು ಕೊನೆಯವರೆಗೂ ಬಿಡಲಿಲ್ಲವಂತೆ: ಟಿಪ್ಪಣಿ ಬರೆಯುವ ಮುಂಚೆ ಎದುರು ಪಕ್ಷದ ವಾದವನ್ನು ತಾವೇ ಹೂಡಿ ನೋಡುವುದು.

ಆದ್ದರಿಂದ ವರ್ಗಾವಣೆಗೆ ಸಹಿ ಹಾಕುವ ಮಹನೀಯರಲ್ಲಿ ನನ್ನದೊಂದು ಅರಿಕೆ: ಒಂದು ಮಳೆಗಾಲ ಗೂಡಲೂರಿನಲ್ಲಿ ಸಂಸಾರ ಹೂಡಿ ಬನ್ನಿ. ಹೋಗುವಾಗ ಮಕ್ಕಳ ಸ್ಕೂಲಿನ ಟಿ.ಸಿ.ಯನ್ನು ಮರೆಯದೆ ಒಯ್ಯಿರಿ.